ಹೋರಿಯ ವೀರ್ಯ ಬೇರೆ ದೇಶಕ್ಕೆ ಕಳಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ: ಬೇರೆ ದೇಶದ ಸಾಕಣೆದಾರರೊಬ್ಬರು ನಮ್ಮ ಹೋರಿಯ ವೀರ್ಯ ಕೇಳುತ್ತಿದ್ದಾರೆ. ಸ್ಟ್ರಾಗಳು (ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಕೊಳವೆಗಳು) ದ್ರವ ಸಾರಜನಕದ ಟ್ಯಾಂಕಿನಲ್ಲಿ ರೆಡಿ ಇವೆ. ಕೊರಿಯರ್‌ಗೆ ಕೊಟ್ಟರೆ ಸಾಕಾ?

ಉತ್ತರ: ಕೊರಿಯರ್ ಮಾತು ಕೊನೆಗೆ. ಮೊದಲು ಆಮದು ಪರವಾನಗಿಯ ಷರತ್ತುಗಳನ್ನು ಕೊಳ್ಳುವವರಿಂದ ತರಿಸಿಕೊಳ್ಳಿ. ಷರತ್ತು ಹಾಕುವುದು ತರಿಸಿಕೊಳ್ಳುವ ದೇಶ. ಅವನ್ನು ಪಾಲಿಸಲಾಗಿದೆ ಅಂತ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ನಿಮ್ಮ ದೇಶದ ಸರ್ಕಾರಿ ಪಶುವೈದ್ಯರು.

ಸ್ಟ್ರಾ ರೆಡಿ ಇವೆ ಅಂದಿರಲ್ಲ, ನನಗೆ ಭಯ ಅಲ್ಲೇ. ಸಾಮಾನ್ಯವಾಗಿ ಮಾನ್ಯತೆ ಪಡೆದ ಕೇಂದ್ರದಲ್ಲೇ ವೀರ್ಯ ತೆಗೆದಿರಬೇಕು. ಹೋರಿ ಅಲ್ಲಿಗೆ ಸೇರುವ ಮುಂಚೆ ಕ್ವಾರಂಟೈನ್‌ನಲ್ಲಿದ್ದು ಕ್ಷಯ, ಬ್ರುಸೆಲ್ಲಾ, ಐಬಿಆರ್, ಬಿವಿಡಿ (ಕೊನೆಯ ಎರಡೂ ದನಗಳ ವೈರಸ್ ರೋಗಗಳು) ಪರೀಕ್ಷೆಗಳು ಆಗಿರಬೇಕು. ಕೊಟ್ಟಿಗೆಯಲ್ಲೇ ತೆಗೆದದ್ದು ಎಷ್ಟೇ ಚೆನ್ನಾಗಿರಲಿ, ಒಳಗೆ ಬಿಡೋದು ಅಪರೂಪ. ಕಳೆದುಹೋದ ದಿನಾಂಕಕ್ಕೆ ಈಗ ಪರೀಕ್ಷೆ ಮಾಡಿಸೋಕೆ ಆಗಲ್ಲ ಅಲ್ವಾ? ನೀಲಿ ನಾಲಿಗೆ ರೋಗದ್ದು ಸ್ವಲ್ಪ ಬೇರೆ. ಸಂಗ್ರಹದ ಅವಧಿಯಲ್ಲಿ 60 ದಿನಕ್ಕೊಮ್ಮೆಯಾದರೂ, ಆಮೇಲೆ ಕೊನೆಯ ಸಂಗ್ರಹ ಆಗಿ 28ರಿಂದ 60 ದಿನದೊಳಗೆ ಹೋರಿಗೆ ಮಾಡಿಸಿದ ರಕ್ತಪರೀಕ್ಷೆ ನೆಗೆಟಿವ್ ಬಂದರೆ ಒಪ್ಪುವ ದಾರಿಯೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆಯಲ್ಲಿದೆ.

ಇನ್ನೊಬ್ಬರ ಉತ್ತರ: ಮೇಲಿನ ಮಾತು ನೂರಕ್ಕೆ ನೂರು ನಿಜ. ನನ್ನ ಕಡೆಯಿಂದ ಸ್ಟ್ರಾ ಮೇಲಿನ ಅಕ್ಷರದ ವಿಷಯ. ಹೋರಿಯ ಗುರುತು, ಸಂಗ್ರಹದ ದಿನಾಂಕ, ಕೇಂದ್ರದ ಕೋಡ್ ಮೂರೂ ಪ್ರಮಾಣಪತ್ರದಲ್ಲಿ ಇದ್ದ ಹಾಗೇ ಇರಬೇಕು. ನಮ್ಮದೊಂದು ಸಾಗಣೆ ಬರೀ ಒಂದು ದಿನಾಂಕ ತಾಳೆ ಆಗದೆ ನಿಂತುಹೋಗಿತ್ತು. ಹಾಗಂತ ಸ್ಟ್ರಾ ಎತ್ತಿ ಹಿಡಿದು, ಮಂಜು ಒರೆಸಿ ಓದುತ್ತಾ ಕೂರಬೇಡಿ. 0.25 ಮಿಲಿಯ ಸ್ಟ್ರಾ ಕೆಲವೇ ಕ್ಷಣದಲ್ಲಿ ಬಿಸಿಯಾಗುತ್ತದೆ, ವೀರ್ಯಾಣು ಹಾಳು. ಪ್ಯಾಕ್ ಮಾಡುವ ದಿನವೇ ಪಟ್ಟಿ ಬರೆದಿಟ್ಟುಕೊಳ್ಳಿ.

ವಿಮಾನಕ್ಕೆ ಡ್ರೈ ಶಿಪ್ಪರ್ (ಹೆಪ್ಪುಗಟ್ಟಿದ ವೀರ್ಯ ಸಾಗಿಸುವ ಪಾತ್ರೆ) ಬಳಸಿ. ಅದರ ಗೋಡೆಯೊಳಗಿನ ವಸ್ತು ದ್ರವ ಸಾರಜನಕವನ್ನು ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ. ಆದರೆ ಅಡ್ಡ ಮಲಗಿಸಿದರೆ ತಂಪು ಬೇಗ ಇಳಿಯುತ್ತದೆ. ‘ನೇರವಾಗಿ ಇಡಿ’ ಅಂತ ದೊಡ್ಡದಾಗಿ ಬರೆದರೂ ಕೆಲವರು ಮಲಗಿಸೇ ಮಲಗಿಸುತ್ತಾರೆ! ಪ್ರಯಾಣದ ಲೆಕ್ಕದ ಮೇಲೆ ಕೆಲವು ದಿನ ಜಾಸ್ತಿ ತಡೆಯುವ ಶಿಪ್ಪರ್ ತಗೊಳ್ಳಿ. ಸರ್ಕಾರಿ ಸೀಲ್ ನಂಬರ್ ಕಾಗದದಲ್ಲೂ ಇರಲಿ.

ಮತ್ತೊಬ್ಬರು: ದೇಸಿ ತಳಿಯಾದರೆ ತಳಿ ಸಂಪನ್ಮೂಲದ ಅನುಮತಿ ಬೇರೆ ಬೇಕಾಗಬಹುದು, ತಳಿ ಸಂಪನ್ಮೂಲದ ಬಳಕೆ ಮತ್ತು ಲಾಭ ಹಂಚಿಕೆ ಕುರಿತ ಅಂತರರಾಷ್ಟ್ರೀಯ ನಗೋಯಾ ಒಪ್ಪಂದ 2014ರಿಂದ ಜಾರಿಯಲ್ಲಿದೆ. ಅಂದಹಾಗೆ, ಆ ಹೋರಿ ಇನ್ನೂ ನಿಮ್ಮಲ್ಲಿದೆಯಾ? ಇದ್ದರೆ ಹಳೇ ಸ್ಟ್ರಾ ಮನೆಗೆ ಬಳಸಿಕೊಳ್ಳಿ. ಷರತ್ತಿನ ಪಟ್ಟಿ ಕೈಗೆ ಬಂದ ಮೇಲೆ ಹೊಸದಾಗಿ ಸಂಗ್ರಹ ಮಾಡಿಸಿ.