ಫೈಬರ್ ಡಬ್ಬಿ, ರೂಟರ್ ಎರಡನ್ನೂ ತೆಗೆದು ಒಂದೇ ಡ್ಯುಯಲ್ ಬ್ಯಾಂಡ್ ಓಎನ್‌ಟಿ ಹಾಕಬಹುದಾ?

ತೋಟದಮನೆ:
ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್. ಈಗ ಇರುವುದು ವೈಫೈ ಇಲ್ಲದ ಬಿಳಿ ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ), ಅದರ ಪಕ್ಕದಲ್ಲೇ 2.4 ಗಿಗಾಹರ್ಟ್ಸ್‌ನ ಹಳೇ ರೂಟರ್. ಓಎನ್‌ಟಿಗೆ 12 ವೋಲ್ಟ್, ರೂಟರ್‌ಗೆ 9 ವೋಲ್ಟ್ ಅಡಾಪ್ಟರ್. ಹಾಗಾಗಿ ಕರೆಂಟ್ ಹೋದಾಗ ನನ್ನಲ್ಲಿರುವ ಒಂದೇ ಮಿನಿ ಯುಪಿಎಸ್‌ನಲ್ಲಿ ಎರಡನ್ನೂ ನಡೆಸಲು ಆಗುತ್ತಿಲ್ಲ. ಲ್ಯಾಂಡ್‌ಲೈನ್ ಫೋನ್ ಓಎನ್‌ಟಿಗೆ, ಸಿಸಿ ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ರೂಟರ್‌ಗೆ ಜೋಡಿಸಿದೆ. 2.4, 5 ಗಿಗಾಹರ್ಟ್ಸ್ ಎರಡೂ ವೈಫೈ ಇರುವ ಡ್ಯುಯಲ್ ಬ್ಯಾಂಡ್ ಓಎನ್‌ಟಿ ಕೊಂಡುತಂದು, ಹಳೇದರಿಂದ ಫೈಬರ್ ಬಿಚ್ಚಿ ಇದಕ್ಕೆ ಚುಚ್ಚಿದರೆ ಸಾಕಾ?

ಡ್ರಾಪ್‌ವೈರ್:
ಸಾಲದು ಸರ್. ಫೋನ್ ತಂತಿಯಲ್ಲೇ ನೆಟ್ ಬರುತ್ತಿದ್ದ ಹಳೇ ಎಡಿಎಸ್ಎಲ್ ಕಾಲದಲ್ಲಿ ಮೋಡೆಮ್ ಬದಲಿಸಿ ಯೂಸರ್ ನೇಮ್, ಪಾಸ್‌ವರ್ಡ್ ಹೊಡೆದರೆ ಮುಗಿಯುತ್ತಿತ್ತು. ಫೈಬರ್‌ನಲ್ಲಿ ಆ ತುದಿಯ ಓಎಲ್‌ಟಿ (ಕಂಪನಿಯ ಕಡೆಯ ಯಂತ್ರ) ನಿಮ್ಮ ಡಬ್ಬಿಯನ್ನೇ ಗುರುತು ಹಿಡಿಯಬೇಕು. ಫೈಬರ್ ಲೈನಿನಲ್ಲಿ ಜಿಪಾನ್, ಇಪಾನ್ ಎಂದು ಎರಡು ಬಗೆ. ಜಿಪಾನ್ ಆದರೆ ಸೀರಿಯಲ್ ನಂಬರ್‌ನಿಂದ, ಇಪಾನ್ ಆದರೆ ಸಾಮಾನ್ಯವಾಗಿ ಮ್ಯಾಕ್ ವಿಳಾಸದಿಂದ (ಡಬ್ಬಿಯ ನೆಟ್‌ವರ್ಕ್ ಗುರುತು ಸಂಖ್ಯೆ). ಹೊಸದನ್ನು ರಿಜಿಸ್ಟರ್ ಮಾಡದೆ ಚುಚ್ಚಿದರೆ ಪಾನ್ ಲೈಟ್ ಮಿಣುಕುತ್ತಲೇ ಇರುತ್ತದೆ, ನಿಲ್ಲುವುದಿಲ್ಲ.

ಕೊಳ್ಳುವ ಮೊದಲು ಹಳೇ ಓಎನ್‌ಟಿ ಮಗುಚಿ ಹಿಂದಿನ ಸ್ಟಿಕ್ಕರ್ ನೋಡಿ. ಜಿಪಾನ್ ಡಬ್ಬಿ ಇಪಾನ್ ಲೈನಿಗೆ ಆಗದು, ಅದು ಇದಕ್ಕೂ ಆಗದು. ಹೊಸ ಡಬ್ಬಿಯ ಮೇಲೆ ಎಕ್ಸ್‌ಪಾನ್ ಎಂದು ಬರೆದಿದ್ದರೆ ಎರಡಕ್ಕೂ ಹೊಂದುತ್ತದೆ. ಹೊಂದಿದರೂ ಬೇರೆ ಬ್ರ್ಯಾಂಡಿನ ಡಬ್ಬಿ ಕೆಲವು ಓಎಲ್‌ಟಿಗಳ ಜೊತೆ ಜಗಳ ಆಡುತ್ತದೆ: ಪಾನ್ ಲೈಟ್ ಹಸಿರಾಗಿ ನಿಂತಿರುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಅದಕ್ಕೇ ಲೈನ್ ಕೊಟ್ಟವರಿಗೆ ಫೋನ್ ಮಾಡಿ, ನಿಮ್ಮ ಓಎಲ್‌ಟಿಯಲ್ಲಿ ಯಾವ ಮಾಡೆಲ್ ನಡೆಯುತ್ತದೆ ಎಂದು ಕೇಳಿ ಅದನ್ನೇ ತನ್ನಿ. ಅವರ ಬಳಿಯೇ ಸಿಕ್ಕರೆ ನೂರಿನ್ನೂರು ಹೆಚ್ಚಾದರೂ ಅವರಿಂದಲೇ ತೆಗೆದುಕೊಳ್ಳುವುದು ವಾಸಿ.

ಹಳೇದನ್ನು ಬಿಚ್ಚುವ ಮೊದಲು ರೂಟರ್‌ನ ವ್ಯಾನ್ (ಹೊರಗಿನ ನೆಟ್ ಲೈನ್) ಪುಟದ ಫೋಟೋ ತೆಗೆದಿಡಿ. ಪಿಪಿಪಿಒಇ (ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್ ಅಲ್ಲಿರುತ್ತದೆ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುತ್ತದೆ, ಅದನ್ನೂ ವಿಲ್ಯಾನ್ ಐಡಿಯನ್ನೂ (ಲೈನಿನಲ್ಲಿ ನೆಟ್ ಯಾವುದೆಂದು ಗುರುತಿಸುವ ಸಂಖ್ಯೆ) ಲೈನ್ ಕೊಟ್ಟವರನ್ನು ಕೇಳಿ ಬರೆದುಕೊಳ್ಳಿ. ನಿಮ್ಮ ಓಎನ್‌ಟಿ ಬಹುಶಃ ಬ್ರಿಡ್ಜ್ ಮೋಡ್‌ನಲ್ಲಿದೆ, ಅಂದರೆ ಡಯಲ್ ಮಾಡುತ್ತಿರುವುದು ರೂಟರ್. ಹೊಸದರಲ್ಲಿ ಅದೇ ವಿಲ್ಯಾನ್ ಹಾಕಿ ರೂಟ್ ಮೋಡ್ (ಡಬ್ಬಿಯೇ ಡಯಲ್ ಮಾಡುವುದು), ಪಿಪಿಪಿಒಇ ಆಯ್ಕೆ ಮಾಡಬೇಕು, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492. ಎಲ್ಲ ಸರಿಯಿದ್ದೂ ಲಾಗಿನ್ ಆಗದಿದ್ದರೆ ಹಳೇ ಸೆಷನ್ ಸರ್ವರ್‌ನಲ್ಲಿ ಇನ್ನೂ ಜೀವಂತ ಇರಬಹುದು. ಹತ್ತು ನಿಮಿಷ ಆರಿಸಿಟ್ಟು ಮತ್ತೆ ಹಚ್ಚಿ. ಆಗಲೂ ಆಗದಿದ್ದರೆ ನಿಮ್ಮ ಲಾಗಿನ್ ಹಳೇ ರೂಟರ್‌ನ ಮ್ಯಾಕ್‌ಗೇ ಬೈಂಡ್ ಆಗಿದೆಯಾ (ಕಟ್ಟಿಹಾಕಿದ್ದಾರಾ) ಕೇಳಿ, ತೆಗೆಸಬೇಕು. ಸಿಟ್ಟಿಗೆ ರಿಸೆಟ್ ಗುಂಡಿ ಮಾತ್ರ ಒತ್ತಬೇಡಿ, ಹಾಕಿದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ.

ಫೈಬರ್ ತುದಿಯ ಬಣ್ಣವನ್ನೂ ನೋಡಿ. ಹಸಿರು ಎಪಿಸಿ ಎಂಬ ಬಗೆಯ ಕನೆಕ್ಟರ್, ಅದರ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಯುಪಿಸಿ. ಎರಡೂ ಒಂದೇ ತೂತಿಗೆ ಸಲೀಸಾಗಿ ಹೋಗುತ್ತವೆ, ಆದರೆ ಹಸಿರನ್ನು ನೀಲಿಗೆ ಸೇರಿಸಿದರೆ ಮುಖಗಳ ನಡುವೆ ಸಂದು ಉಳಿದು ಸಿಗ್ನಲ್ ಬಿದ್ದುಹೋಗುತ್ತದೆ. ತುದಿಯನ್ನು ಬೆರಳಿಂದ ಮುಟ್ಟಬೇಡಿ, ಬಾಯಿಂದ ಊದಲೂಬೇಡಿ, ಕಣ್ಣಿಗೆ ಹಿಡಿದು ನೋಡಲಂತೂ ಬೇಡ. 1490 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣದು. ಜೋಡಿಸಿದ ಮೇಲೆ ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಡಬ್ಬಿಗೆ ಬರುವ ಬೆಳಕಿನ ಬಲ) ನೋಡಿ. -15ರಿಂದ -24 ಡಿಬಿಎಂ ಒಳಗಿದ್ದರೆ ಚಿಂತೆ ಇಲ್ಲ. -27ಕ್ಕಿಂತ ಕೆಳಗಿಳಿದರೆ ಇವತ್ತು ನಡೆದರೂ ಮಳೆಗಾಲದಲ್ಲಿ ಕೈಕೊಡಬಹುದು.

ಚಿರೇಕಲ್ಲು:
ಡ್ರಾಪ್‌ವೈರ್ ಹೇಳಿದ್ದೆಲ್ಲ ಸರಿ, ಆದರೆ ಮೊದಲು ಕೇಳಬೇಕಾದ್ದು ಬೇರೆ: ಫೈಬರ್ ಮನೆಯೊಳಗೆ ಬರುವುದು ಎಲ್ಲಿಗೆ? ನಮ್ಮ ಕಡೆ ಜಗುಲಿ ಮೂಲೆಯಲ್ಲಿ ಡಬ್ಬಿ ಹೊಡೆದು ಹೋಗಿರುತ್ತಾರೆ. ಅಲ್ಲಿಗೆ ಒಂದೇ ಡಬ್ಬಿ ಹಾಕಿದರೆ ವೈಫೈ ಕೂಡ ಜಗುಲಿಯದೇ. 5 ಗಿಗಾಹರ್ಟ್ಸ್ ಒಂದೂವರೆ ಅಡಿ ಕಲ್ಲಿನ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಕಡೆ. ಬೇರೆ ರೂಟರ್ ಇದ್ದರೆ ಕ್ಯಾಟ್-6 ಕೇಬಲ್ ಎಳೆದು ಮನೆಯ ನಡುವೆ ಇಡಬಹುದು, ಒಂದೇ ಡಬ್ಬಿಯಾದರೆ ಆ ಅನುಕೂಲ ಹೋಗುತ್ತದೆ. ಗೋಡೆ ದಪ್ಪ ಇದ್ದರೆ ನಾನು ಹೇಳುವುದು: ಓಎನ್‌ಟಿ ಹಾಗೇ ಇರಲಿ, ರೂಟರ್ ಮಾತ್ರ ಬದಲಿಸಿ.

ತೋಟದಮನೆ:
ಫೈಬರ್ ಬರುವುದು ನಡುಮನೆಗೇ. ಆದರೆ ಅಡುಗೆಮನೆಯ ಹಿಂದೆ ಸಿಗ್ನಲ್ ಈಗಲೂ ಕಷ್ಟ. ಫೋನ್, ಡಿವಿಆರ್ ಗತಿ?

ಡ್ರಾಪ್‌ವೈರ್:
ನಡುಮನೆ ಆದರೆ ಧೈರ್ಯವಾಗಿ ಒಂದೇ ಡಬ್ಬಿ ಹಾಕಿ. ಫೋನ್ ಪೋರ್ಟ್ ಇರುವ ಮಾಡೆಲ್ಲೇ ಆಗಬೇಕು. ಅಗ್ಗದವುಗಳಲ್ಲಿ ಕೆಲವಕ್ಕೆ ಅದು ಇರುವುದೇ ಇಲ್ಲ. ಸಿಪ್ (ನೆಟ್ ಮೂಲಕ ಫೋನ್ ನಡೆಸುವ ವಿಧಾನ) ನಂಬರ್, ಪಾಸ್‌ವರ್ಡ್ ಕಂಪನಿಯವರೇ ತುಂಬಬೇಕು, ನೆಟ್ ಬಂತೆಂದು ಡಯಲ್ ಟೋನ್ ತಾನಾಗಿ ಬರುವುದಿಲ್ಲ. ರಿಜಿಸ್ಟರ್ ಮಾಡಿಸುವಾಗಲೇ ಇದನ್ನೂ ಹೇಳಿಬಿಡಿ.

ಗುಬ್ಬಿಗೂಡು:
ಡಿವಿಆರ್ ವಿಷಯ ನಾನು ಹೇಳುತ್ತೇನೆ. ಹಳೇ ರೂಟರ್ 192.168.0.1 ಆಗಿದ್ದು, ಹೊಸದು 192.168.1.1 ಆದರೆ ಕೈಯಿಂದ ಐಪಿ ಕೊಟ್ಟ ಡಿವಿಆರ್ ಕಾಣೆಯಾಗುತ್ತದೆ. ಡಿವಿಆರ್ ಮುಟ್ಟಬೇಡಿ, ಹೊಸ ಡಬ್ಬಿಯ ಲ್ಯಾನ್ ಐಪಿಯನ್ನೇ ಹಳೇದರಂತೆ ಬದಲಿಸಿ. ವೈಫೈ ಹೆಸರು, ಪಾಸ್‌ವರ್ಡ್ ಕೂಡ ಹಳೇದೇ ಇಟ್ಟರೆ ಮನೆಯವರ ಮೊಬೈಲ್ ಒಂದೊಂದಾಗಿ ಕೈಗೆತ್ತಿಕೊಳ್ಳುವ ಕೆಲಸ ತಪ್ಪುತ್ತದೆ. ಹೊರಗಿನಿಂದ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ಡಿವಿಆರ್‌ಗೆ ತಿರುಗಿಸುವುದು) ಮಾಡಿದ್ದರೆ ವ್ಯಾನ್ ಐಪಿ ನೋಡಿ: 100.64ರಿಂದ 100.127ರವರೆಗಿನದಾದರೆ ಅದು ಸಿಜಿನ್ಯಾಟ್, ಅಂದರೆ ಹೊರಗಿನ ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರುವುದು, ಫಾರ್ವರ್ಡ್ ಕೆಲಸ ಮಾಡದು. ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡಿಕೊಳ್ಳಿ.

ಅಡುಗೆಮನೆ ಹಿಂದಕ್ಕೆ ಆ ಹಳೇ ರೂಟರನ್ನೇ ಹಾಕಿ. ಅದರ ಐಪಿ 192.168.0.2 ಮಾಡಿ, ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವುದು) ಆಫ್ ಮಾಡಿ, ಹೊಸ ಡಬ್ಬಿಯಿಂದ ಬಂದ ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೇ ಚುಚ್ಚಿ. ಹಳೇ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ ಅಲ್ಲಿ ಕೇಬಲ್‌ನಲ್ಲೇ 94 ಎಂಬಿಪಿಎಸ್ ಆಸುಪಾಸು, ವೈಫೈಯಲ್ಲಿ ಇನ್ನೂ ಕಡಿಮೆ. ಹಿತ್ತಿಲಲ್ಲಿ ವಾಟ್ಸ್ಆ್ಯಪ್ ಕಾಲ್‌ಗೆ ಅಷ್ಟು ಧಾರಾಳ.

ಚಿರೇಕಲ್ಲು:
ಯುಪಿಎಸ್ ಬಗ್ಗೆ: ಡ್ಯುಯಲ್ ಬ್ಯಾಂಡ್ ಓಎನ್‌ಟಿಗಳಲ್ಲಿ ಕೆಲವು 12 ವೋಲ್ಟ್ 1 ಆಂಪ್, ಕೆಲವು 1.5 ಆಂಪ್ ಕೇಳುತ್ತವೆ. ನಿಮ್ಮ ಯುಪಿಎಸ್ 1 ಆಂಪಿನದಾಗಿದ್ದರೆ ಮೊಬೈಲ್‌ಗಳೆಲ್ಲ 5 ಗಿಗಾಹರ್ಟ್ಸ್‌ಗೆ ಸೇರಿದ ಹೊತ್ತಿಗೆ ಡಬ್ಬಿ ತಾನಾಗಿ ರೀಸ್ಟಾರ್ಟ್ ಆಗಬಹುದು, ಜನ ಅದನ್ನು ಲೈನ್ ದೋಷ ಅಂದುಕೊಳ್ಳುತ್ತಾರೆ. ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ ಯುಪಿಎಸ್ ಜೊತೆ ತಾಳೆ ನೋಡಿ. ಪಿನ್ನಿನ ದಪ್ಪವೂ ಅದೇ ಇದೆಯಾ ಗಮನಿಸಿ.