ಅಪ್‌ಡೇಟ್: ಈಜುಕೊಳದ ಪಂಪ್ ಮೋಟರ್ ಈಗ ಓಡುತ್ತಿದೆ

ಸಕಲೇಶಪುರದ ನಮ್ಮ ಹೋಂಸ್ಟೇಯಲ್ಲಿ ಈಜುಕೊಳದ 1.5 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಸ್ವಲ್ಪ ಹೊತ್ತಿಗೆ ಟ್ರಿಪ್ ಆಗುತ್ತದೆ ಅಂತ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು. ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ಹೋಗಿತ್ತು.

ನೀವು ಹೇಳಿದಂತೆ ಮೊದಲು ಮೈನ್ ಆಫ್ ಮಾಡಿ, ಹಿಂದಿನ ಫ್ಯಾನ್ ಕವರ್ ಬಿಚ್ಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿದೆವು. ಸಲೀಸಾಗಿ ತಿರುಗಿತು. ಅಂದರೆ ಬೇರಿಂಗ್ ಹಿಡಿದಿಲ್ಲ, ನೀರು ತಳ್ಳುವ ಚಕ್ರವಾದ ಇಂಪೆಲ್ಲರ್‌ಗೆ ಕಸವೂ ಸಿಕ್ಕಿಕೊಂಡಿಲ್ಲ. ಆಮೇಲೆ ಎಲೆಕ್ಟ್ರಿಷಿಯನ್ ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ ಮೀಟರ್ ಇಟ್ಟರು. ಅದರ ಮೇಲೆ ಬರೆದಿದ್ದ ಸಾಮರ್ಥ್ಯ 36 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 11! ಹೊರಗಿನಿಂದ ಉಬ್ಬೇ ಇರಲಿಲ್ಲ. ಸುಮ್ನೆ ಕಣ್ಣಲ್ಲಿ ನೋಡಿದರೆ ಗೊತ್ತಾಗುತ್ತಲೇ ಇರಲಿಲ್ಲ. ಅದೇ ಅಳತೆಯ, 440 ವೋಲ್ಟಿನ ಹೊಸದು ಹಾಕಿದ ಕೂಡಲೇ ಮೋಟರ್ ಸ್ಟಾರ್ಟ್ ಆಯಿತು. ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಸುಟ್ಟಿದೆ, ರೀವೈಂಡ್ ಮಾಡಿಸಿ ಅಂತ ಅಂಗಡಿಯವರೊಬ್ಬರು ಹೇಳಿದ್ದರು. ಅದಕ್ಕೆ ಕೊಡದೆ ಇದ್ದದ್ದು ಒಳ್ಳೆಯದಾಯಿತು.

ಒಂದು ತೊಂದರೆ ಮಾತ್ರ ಇನ್ನೂ ಇದೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಮೋಟರ್ ಒದ್ದಾಡಿ ಜಾಸ್ತಿ ಬಿಸಿಯಾಗುತ್ತದೆ. ಸದ್ಯಕ್ಕೆ ಟೈಮರನ್ನು ಬೆಳಗಿನ ಹೊತ್ತಿಗೆ ಇಟ್ಟಿದ್ದೇವೆ. ಶಾಫ್ಟ್ ತಿರುಗಿಸಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.