ಸೋಲಾರ್ ಇನ್ವರ್ಟರ್ ಡೇಟಾ ಹೋಮ್ ಅಸಿಸ್ಟೆಂಟ್‌ಗೆ: ಕ್ಲೌಡ್ ಸಾಕಾ, ಆರ್‌ಎಸ್‌485 ಬೇಕಾ?

ತುಮಕೂರು ತಾರಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿ ಮೇಲೆ 3 ಕಿಲೋವ್ಯಾಟ್ ಆನ್-ಗ್ರಿಡ್ (ಲೈನ್ ಕರೆಂಟ್‌ಗೆ ಜೋಡಿಸಿದ) ಸೋಲಾರ್ ಇದೆ. ಇನ್ವರ್ಟರ್ ಜೊತೆ ಬಂದ ವೈಫೈ ಸ್ಟಿಕ್ ಕಂಪನಿಯ ಸರ್ವರ್‌ಗೆ ಡೇಟಾ ಕಳಿಸುತ್ತದೆ, ನಾನು ಮೊಬೈಲ್ ಆ್ಯಪ್‌ನಲ್ಲಿ ನೋಡುತ್ತೇನೆ. ಕೆಳಗೆ ಹಾಲ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್ (ಮನೆಯ ಉಪಕರಣಗಳನ್ನು ಒಂದೇ ಕಡೆ ನೋಡುವ ಸಾಫ್ಟ್‌ವೇರ್) ನಡೆಯುತ್ತಿದೆ. ಈ ಡೇಟಾ ಅದರೊಳಗೆ ಬರಬೇಕು. ಕ್ಲೌಡ್‌ನಿಂದ ತೆಗೆದುಕೊಳ್ಳಲಾ ಅಥವಾ ಇನ್ವರ್ಟರ್‌ನ ಆರ್‌ಎಸ್‌485 ಪೋರ್ಟ್‌ನಿಂದ (ಎರಡು ಎಳೆಯಲ್ಲಿ ನೇರ ಡೇಟಾ ಕೊಡುವ ಪೋರ್ಟ್) ವೈರ್ ಎಳೆಯಲಾ? ಒಂದೊಂದು ದಿನ ಮಧ್ಯಾಹ್ನ ಒಳ್ಳೇ ಬಿಸಿಲಿದ್ದಾಗಲೇ ಉತ್ಪಾದನೆ ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಯಾಕೆ ಅಂತ ಗೊತ್ತಾಗಬೇಕು.

ಕೋಡ್ ಮೈಸೂರು:
ಸುಮ್ನೆ ವೈರ್ ಎಳೆಯಬೇಡಿ ಸರ್. ಗ್ರೋವ್ಯಾಟ್ ಥರದ ಇನ್ವರ್ಟರ್ ಕಂಪನಿಗಳ ಕ್ಲೌಡ್‌ಗೆ ಹೋಮ್ ಅಸಿಸ್ಟೆಂಟ್‌ನಲ್ಲೇ ಇಂಟಿಗ್ರೇಷನ್ ಇದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಆಯಿತು. ದಿನಕ್ಕೆ ಎಷ್ಟು ಯೂನಿಟ್ ಬಂತು ಅನ್ನೋದಷ್ಟೇ ಬೇಕಾದವರಿಗೆ ಅದು ಧಾರಾಳ ಸಾಕು. ವಾರಂಟಿ ಇರುವ ಯಂತ್ರದ ಕವರ್ ಬಿಚ್ಚೋದು ಯಾಕೆ?

ಧಾರವಾಡ ಫೇಸ್:
ಯೂನಿಟ್ ಲೆಕ್ಕಕ್ಕಾದರೆ ಸಾಕು, ಒಪ್ಪಿದೆ. ಆದರೆ ಅವರು ಕೇಳ್ತಿರೋದು ಅದಲ್ಲ ಅಲ್ವಾ? ಮಧ್ಯಾಹ್ನ ಯಾಕೆ ನಿಲ್ಲುತ್ತದೆ ಅಂತ. ಕ್ಲೌಡ್ ಡೇಟಾ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಬರುತ್ತದೆ. ಇನ್ವರ್ಟರ್ ಟ್ರಿಪ್ ಆಗುವ ಹೊತ್ತಿನ ವೋಲ್ಟೇಜ್ ಅದರಲ್ಲಿ ಸಿಗುವುದೇ ಕಷ್ಟ. ನನ್ನ ಅನುಮಾನ ಗ್ರಿಡ್ ವೋಲ್ಟೇಜ್ ಮೇಲೆ. ಬಿಸಿಲು ಜೋರಾಗಿದ್ದಾಗ ಬೀದಿಯ ಎಲ್ಲಾ ಸೋಲಾರ್‌ಗಳೂ ಲೈನ್‌ಗೆ ಕರೆಂಟ್ ತಳ್ಳುತ್ತವೆ, ಮನೆಗಳಲ್ಲಿ ಲೋಡ್ ಇರಲ್ಲ, ವೋಲ್ಟೇಜ್ ಏರುತ್ತದೆ. 230ರ ಮೇಲೆ ಶೇ 10 ಅಂದರೆ 253. ಅದರ ಆಸುಪಾಸಿನಲ್ಲೇ ಮಿತಿ ಇಟ್ಟಿರುವ ಇನ್ವರ್ಟರ್‌ಗಳು ಬಹಳ ಇವೆ. ದಾಟಿದರೆ ನಿಲ್ಲುತ್ತವೆ, ಇಳಿದ ಮೇಲೆ ಸ್ವಲ್ಪ ಕಾದು ಮತ್ತೆ ಶುರುವಾಗುತ್ತವೆ. ಆರ್‌ಎಸ್‌485ನಿಂದ ಹತ್ತು ಸೆಕೆಂಡಿಗೊಮ್ಮೆ ಗ್ರಿಡ್ ವೋಲ್ಟೇಜ್ ಮತ್ತು ಫಾಲ್ಟ್ ಕೋಡ್ ಓದಿದರೆ ಇದು ಹೌದೋ ಅಲ್ಲವೋ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಸುಳ್ಯದ ಮಳೆ:
ತಾರಸಿಯಿಂದ ಹಾಲ್‌ವರೆಗೆ ಉದ್ದ ವೈರ್ ಎಳೆಯುವ ಮುಂಚೆ ಸಿಡಿಲಿನ ಯೋಚನೆ ಮಾಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಯಲ್ಲಿ ಆ ತಾಮ್ರದ ಎಳೆಗಳ ಮೂಲಕ ಸರ್ಜ್ ನೇರ ಪೈಗೆ, ರೂಟರ್‌ಗೆ ಇಳಿಯಬಹುದು. ನಮ್ಮ ಕಡೆ ಸಿಡಿಲಿಗೆ ಮೋಡೆಮ್ ಹೋಗದ ಮನೆ ಕಡಿಮೆ. ಎಳೆಯಲೇಬೇಕಾದರೆ ಐಸೊಲೇಷನ್ (ಎರಡು ಕಡೆಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ ಹಾಗೆ ಬೇರ್ಪಡಿಸುವುದು) ಇರುವ ಯುಎಸ್‌ಬಿ-ಆರ್‌ಎಸ್‌485 ಕನ್ವರ್ಟರ್ ಹಾಕಿ.

ಕೋಡ್ ಮೈಸೂರು:
ನಾನು ಹೇಳಿದ್ದೂ ಇದನ್ನೇ. ವೈರ್ ಹೊಸ ತಲೆನೋವು ತರುತ್ತದೆ.

ಧಾರವಾಡ ಫೇಸ್:
ಸಿಡಿಲಿನ ಮಾತು ಸರಿಯಾಗಿದೆ. ಅದಕ್ಕೆ ವೈರ್ ಕೆಳಗೆ ತರಲೇಬೇಡಿ. ಇನ್ವರ್ಟರ್ ಪಕ್ಕದಲ್ಲೇ ವೈಫೈ ಇರುವ ಒಂದು ಪುಟ್ಟ ಬೋರ್ಡ್, ಇಎಸ್‌ಪಿ32 ಇಟ್ಟು ಅದರಲ್ಲಿ ಹೋಮ್ ಅಸಿಸ್ಟೆಂಟ್‌ಗೆ ಡೇಟಾ ಕಳಿಸುವ ಸಾಫ್ಟ್‌ವೇರ್ ಇಎಸ್‌ಪಿ‌ಹೋಮ್ ಹಾಕಿ. ಇನ್ವರ್ಟರ್ ಡೇಟಾ ಕೊಡುವ ಭಾಷೆ ಮಾಡ್‌ಬಸ್, ಅದನ್ನು ಓದುವ ಮಾಡ್‌ಬಸ್ ಕಂಟ್ರೋಲರ್ ಅದರಲ್ಲಿ ಇದೆ. ಮಧ್ಯೆ ಎರಡು ಎಳೆ, ಎ ಮತ್ತು ಬಿ, ಒಂದಕ್ಕೊಂದು ಸುತ್ತಿದ ಜೋಡಿ, ಅರ್ಧ ಮೀಟರ್ ಸಾಕು. ಅಲ್ಲಿಂದ ವೈಫೈ. ಆರ್‌ಎಸ್‌485 ಸಿಗ್ನಲ್ ಇಎಸ್‌ಪಿ32ಗೆ ಅರ್ಥವಾಗಲು ಮಧ್ಯೆ ಒಂದು ಚಿಕ್ಕ ಬೋರ್ಡ್ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಮ್ಯಾಕ್ಸ್485 ಬೋರ್ಡ್ 5 ವೋಲ್ಟ್‌ನದು, ಇಎಸ್‌ಪಿ32 ಪಿನ್‌ಗಳು 3.3 ವೋಲ್ಟ್‌ನವು. 3.3 ವೋಲ್ಟ್‌ನ ಮ್ಯಾಕ್ಸ್3485 ಕೇಳಿ ತನ್ನಿ.

ಸೆಟ್ಟಿಂಗ್ ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಡೇಟಾ ವೇಗ 9600 ಬಾಡ್, ಇನ್ವರ್ಟರ್ ಐಡಿ 1. ಕನೆಕ್ಟ್ ಮಾಡಿದ ಮೇಲೂ ಉತ್ತರ ಬರದಿದ್ದರೆ ಮೊದಲು ಎ, ಬಿ ಅದಲುಬದಲು ಮಾಡಿ ನೋಡಿ. ಉತ್ತರ ಬಂದು ಸಂಖ್ಯೆ ತಾಳೆಯಾಗದಿದ್ದರೆ ರಿಜಿಸ್ಟರ್ (ಇನ್ವರ್ಟರ್ ಒಂದೊಂದು ಅಳತೆ ಇಡುವ ನಂಬರಿನ ಜಾಗ) ವಿಳಾಸ ಒಂದು ಹಿಂದೆ ಮುಂದೆ ಆಗಿರಬಹುದು. 2431 ಅಂತ ಬಂದರೆ ಗಾಬರಿ ಬೇಡ, 0.1ರಿಂದ ಗುಣಿಸಿ, ಅದು 243.1 ವೋಲ್ಟ್.

ಹಾಸನ ಹೋಮ್‌ಲ್ಯಾಬ್:
ಎರಡು ಮಾತು ಸೇರಿಸುತ್ತೇನೆ. ಆರ್‌ಎಸ್‌485 ಮೇಲೆ ಓಡುವ ಮಾಡ್‌ಬಸ್ ಆರ್‌ಟಿಯು ಲೈನ್‌ನಲ್ಲಿ ಪ್ರಶ್ನೆ ಕೇಳುವ ಮಾಸ್ಟರ್ ಒಬ್ಬನೇ ಇರಬೇಕು. ಕೆಲವು ಮಾಡೆಲ್‌ಗಳಲ್ಲಿ ವೈಫೈ ಸ್ಟಿಕ್ ಮತ್ತು ಆರ್‌ಎಸ್‌485 ಒಳಗೆ ಒಂದೇ ಪೋರ್ಟ್. ಹಾಗಿದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ, ಎರಡರ ಡೇಟಾವೂ ಕೆಡುತ್ತದೆ. ಮ್ಯಾನುಯಲ್ ನೋಡಿ. ಇನ್ನೊಂದು, ಬರೀ ಓದಿ, ಬರೆಯಬೇಡಿ. ವೋಲ್ಟೇಜ್ ಮಿತಿ ಏರಿಸುವ ಹೋಲ್ಡಿಂಗ್ ರಿಜಿಸ್ಟರ್ (ಬದಲಾಯಿಸಬಹುದಾದ ಸೆಟ್ಟಿಂಗ್) ಕಣ್ಣಿಗೆ ಬೀಳುತ್ತದೆ, ಆಸೆಯೂ ಆಗುತ್ತದೆ. ಆ ಮಿತಿ ಇರೋದು ನಿಮ್ಮ ಮನೆ ಫ್ರಿಜ್, ಟಿವಿ ಉಳಿಯಲಿ ಅಂತ.

ತುಮಕೂರು ತಾರಸಿ:
ನಮ್ಮದರಲ್ಲಿ ಪೋರ್ಟ್ ಎರಡು ಬೇರೆ ಬೇರೆ ಅಂತ ಮ್ಯಾನುಯಲ್ ಹೇಳುತ್ತದೆ. ಸ್ಟಿಕ್ ಹಾಗೇ ಇರಲಿ ಅಂದುಕೊಂಡಿದ್ದೇನೆ, ಸೋಲಾರ್ ಹಾಕಿದವರೂ ಅದರಲ್ಲೇ ನೋಡುತ್ತಾರೆ. ಹೋಮ್ ಅಸಿಸ್ಟೆಂಟ್‌ನಲ್ಲಿ ಹಳೇ ಡೇಟಾ ಎಷ್ಟು ದಿನ ಉಳಿಯುತ್ತದೆ? ಎಸ್‌ಡಿ ಕಾರ್ಡ್ ಬೇಗ ಹಾಳಾಗುತ್ತದೆ ಅಂತಾರೆ.

ಹಾಸನ ಹೋಮ್‌ಲ್ಯಾಬ್:
ಪೂರ್ತಿ ವಿವರ 10 ದಿನ ಇರುತ್ತದೆ, ಅದು ಡೀಫಾಲ್ಟ್. ಆದರೆ ಸೆನ್ಸರ್‌ಗೆ ಸ್ಟೇಟ್ ಕ್ಲಾಸ್ (ಅದು ಎಂಥ ಅಳತೆ ಅಂತ ಹೇಳುವ ಸೆಟ್ಟಿಂಗ್) 'ಮೆಶರ್‌ಮೆಂಟ್' ಅಂತ ಕೊಟ್ಟರೆ ಗಂಟೆಗೊಂದು ಸರಾಸರಿ, ಕನಿಷ್ಠ, ಗರಿಷ್ಠ ಶಾಶ್ವತವಾಗಿ ಉಳಿಯುತ್ತದೆ. ನಿಮಗೆ ಬೇಕಿರುವ ವೋಲ್ಟೇಜ್ ಗರಿಷ್ಠ ಅದರಲ್ಲೇ ಸಿಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಬರೆಯುವುದಾದರೆ ಎಸ್‌ಡಿ ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿಗೆ ಹೋಗಿ.

ಯೂನಿಟ್‌ಗೆ 'ಟೋಟಲ್ ಇನ್‌ಕ್ರೀಸಿಂಗ್' ಹಾಕಿ, ಆಗ ಎನರ್ಜಿ ಡ್ಯಾಶ್‌ಬೋರ್ಡ್ ಅದನ್ನು ತೆಗೆದುಕೊಳ್ಳುತ್ತದೆ. ಇಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಕೆಲವು ಇನ್ವರ್ಟರ್ ಬೆಳಗ್ಗೆ ಎದ್ದ ತಕ್ಷಣ ಒಟ್ಟು ಯೂನಿಟ್ ಒಂದು ಸಲ 0 ಅಂತ ಹೇಳಿ, ಮುಂದಿನ ಸಲ 4,210 ಅಂತ ಸರಿಯಾಗಿ ಹೇಳುತ್ತವೆ. ಹೋಮ್ ಅಸಿಸ್ಟೆಂಟ್ ಮೀಟರ್ ರೀಸೆಟ್ ಆಯಿತು ಅಂತ ತಿಳಿದು, ಆ 4,210 ಪೂರ್ತಿ ಬೆಳಗ್ಗೆ 6 ಗಂಟೆಯ ಉತ್ಪಾದನೆ ಅಂತ ಸೇರಿಸುತ್ತದೆ. ಗ್ರಾಫ್‌ನಲ್ಲಿ ಒಂದು ಕಂಬ ಆಕಾಶಕ್ಕೆ ಹೋಗುತ್ತದೆ, ಉಳಿದದ್ದೆಲ್ಲಾ ನೆಲಕ್ಕೆ ಅಂಟುತ್ತದೆ. ಇಎಸ್‌ಪಿ‌ಹೋಮ್‌ನಲ್ಲೇ ಒಂದು ಫಿಲ್ಟರ್ ಹಾಕಿ ಸೊನ್ನೆಯನ್ನು ಬಿಟ್ಟುಬಿಡಿ. ಆಗಲೇ ಸೇರಿಹೋಗಿದ್ದರೆ ಡೆವಲಪರ್ ಟೂಲ್ಸ್‌ನ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗಿ ಆ ಒಂದು ಗಂಟೆಯ ಸಂಖ್ಯೆ ತಿದ್ದಬಹುದು.

ಕೋಡ್ ಮೈಸೂರು:
ಇಷ್ಟೆಲ್ಲಾ ಓದಿದ ಮೇಲೂ, ಬೆಸುಗೆ ಕಡ್ಡಿ ಹಿಡಿಯದವರಿಗೆ ನಾನು ಕ್ಲೌಡ್ ಅಂತಲೇ ಹೇಳುತ್ತೇನೆ. ಆದರೆ ಇವರಿಗೆ ಟ್ರಿಪ್ ಹಿಡಿಯಬೇಕು, ಅದಕ್ಕೆ ಇಎಸ್‌ಪಿ32 ದಾರಿ ಒಪ್ಪುತ್ತೇನೆ. ಕರೆಂಟ್ ಹೋದಾಗಲೂ ಅದು ಬದುಕಿರಲಿ. ಆನ್-ಗ್ರಿಡ್ ಇನ್ವರ್ಟರ್ ಕರೆಂಟ್ ಹೋದರೆ ನಿಲ್ಲಲೇಬೇಕು. ಇಎಸ್‌ಪಿ32ಗೆ ಯುಪಿಎಸ್ ಲೈನ್ ಕೊಡದಿದ್ದರೆ ಕರೆಂಟ್ ಹೋಗಿದ್ದಕ್ಕೂ ವೋಲ್ಟೇಜ್ ಟ್ರಿಪ್‌ಗೂ ವ್ಯತ್ಯಾಸ ಗೊತ್ತಾಗಲ್ಲ.

ಧಾರವಾಡ ಫೇಸ್:
ಒಳ್ಳೇ ಮಾತು. ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಮಧ್ಯಾಹ್ನ ಉತ್ಪಾದನೆ ಜೋರಾಗಿದ್ದಾಗ ಇನ್ವರ್ಟರ್ ಪರದೆ ತೋರಿಸುವ ವೋಲ್ಟೇಜ್ ಬರೆದುಕೊಳ್ಳಿ. ಅದೇ ಹೊತ್ತಿಗೆ ಕೆಳಗೆ ಮೇನ್ ಬೋರ್ಡ್‌ನಲ್ಲಿ ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಇಡಿಸಿ ನೋಡಿ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 30 ಮೀಟರ್ ಓಡಿದ್ದರೆ 13 ಆಂಪಿಯರ್‌ಗೆ ಅದರಲ್ಲೇ 5–6 ವೋಲ್ಟ್ ವ್ಯತ್ಯಾಸ ಬರುತ್ತದೆ. ಹಾಗೆ ಬಂದರೆ ತಪ್ಪು ಲೈನ್‌ನದಲ್ಲ, ಎಸಿ ವೈರ್ ದಪ್ಪದ್ದು ಹಾಕಿಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದ್ದು 253 ದಾಟಿದರೆ ಗ್ರಾಫ್ ಪ್ರಿಂಟ್ ತೆಗೆದು ವಿದ್ಯುತ್ ಕಂಪನಿಯ ಸಬ್ ಡಿವಿಷನ್‌ನಲ್ಲಿ ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಟ್ರಾನ್ಸ್‌ಫಾರ್ಮರ್‌ಗೆ ವೋಲ್ಟೇಜ್ ಹೊಂದಿಸುವ ಟ್ಯಾಪ್ ಇದ್ದರೆ ಅವರು ವೋಲ್ಟೇಜ್ ಇಳಿಸಬಹುದು.

ತುಮಕೂರು ತಾರಸಿ:
ತುಂಬಾ ಥ್ಯಾಂಕ್ಸ್. ಮೇನ್ ಬೋರ್ಡ್ ನಮ್ಮದು ಗೇಟ್ ಹತ್ತಿರ ಇದೆ, ದೂರ ಜಾಸ್ತಿನೇ. ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ. ಎರಡೂ ಕಡೆಯ ವೋಲ್ಟೇಜ್ ಅಳತೆ ಮಾಡಿಸಿ ಇಲ್ಲೇ ಹಾಕುತ್ತೇನೆ. ಸುಳ್ಯದವರೇ, ಎಸಿ ಕಡೆಗೂ ಸರ್ಜ್ ಪ್ರೊಟೆಕ್ಟರ್ ಬೇಕಾ?

ಸುಳ್ಯದ ಮಳೆ:
ಬೇಕು. ಎಸಿ, ಡಿಸಿ ಎರಡೂ ಡಬ್ಬಿಯಲ್ಲಿ ಇದೆಯಾ ಅಂತ ಅವತ್ತೇ ತೆಗೆಸಿ ನೋಡಿ. ಅದರ ಪುಟ್ಟ ಕಿಟಕಿ ಹಸಿರಾಗಿರಬೇಕು. ಕೆಂಪಾಗಿದ್ದರೆ ಅದರ ಕೆಲಸ ಮುಗಿದಿದೆ, ಬದಲಾಯಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಂಥ ಪ್ರೊಟೆಕ್ಟರ್ ಹಾಕಿದರೂ ಪ್ರಯೋಜನವಿಲ್ಲ, ಅದನ್ನೂ ಅವರ ಕೈಲೇ ಚೆಕ್ ಮಾಡಿಸಿ.